ನೆಲಸಮವಾದ ಮನೆಗೊಂದು ತೈಲಚಿತ್ರ

ನೆಲಸಮವಾದ ಅಜ್ಜಿಯ ಮನೆಯನ್ನು ಚಿತ್ರದಲ್ಲಾದರೂ ಉಳಿಸಿಕೊಳ್ಳಬೇಕೆಂದು, ಜನರ ನೆನಪುಗಳನ್ನು ಕೇಳಿ ತೈಲವರ್ಣದಲ್ಲಿ ಬರೆದುಕೊಡುವ ಕಲಾವಿದರೊಬ್ಬರ ಬಳಿಗೆ ನಾನೂ ಅಕ್ಕನೂ ಹೋಗಿದ್ದೆವು. ಹಳೆಯ ಫೋಟೊಗಳನ್ನು ಮುಂದಿಟ್ಟರೆ ಅವರು ಅವನ್ನು ಬದಿಗೆ ಸರಿಸಿ, ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತಿತ್ತು, ಅಜ್ಜಿ ಎಲ್ಲಿ ಕೂರುತ್ತಿದ್ದರು, ಆಗ ನೀವು ಎಷ್ಟು ಎತ್ತರವಿದ್ದಿರಿ ಎಂದು ಕೇಳತೊಡಗಿದರು. ಕೊನೆಯ ಪ್ರಶ್ನೆಯ ಅರ್ಥ ತಿಳಿದದ್ದು ಪೆನ್ಸಿಲ್ ಕರಡು ನೋಡಿದಾಗ. ಕೋಣೆಯನ್ನು ಅವರು ಮಗುವಿನ ಕಣ್ಣಿನ ಮಟ್ಟದಿಂದ ಬರೆದಿದ್ದರು.

ಬಾಗಿಲ ಬಣ್ಣದ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿರಲಿಲ್ಲ. ನನ್ನ ನೆನಪಿನಲ್ಲಿ ಅದು ನೀಲಿ. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕನಿಗೆ ಹಸಿರು. ಕಲಾವಿದರು ಮೊದಲು ಹಸಿರು ಬಳಿದು, ಅದು ಒಣಗಿದ ಮೇಲೆ ನೀಲಿಯ ತೆಳುಪದರ ಹಚ್ಚಿ, ಚಿಲಕದ ಸುತ್ತ ಕೈ ಸವೆಸಿದ ಜಾಗದಲ್ಲಿ ಅದನ್ನು ಕೆರೆದು ಒಳಗಿನ ಹಸಿರು ಇಣುಕುವಂತೆ ಮಾಡಿದರು. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಂಗೈಯಗಲದ ಆ ಜಾಗವೇ.

ಅಜ್ಜಿಯ ಮುಖ ಮಾತ್ರ ಮೊದಲ ಯತ್ನದಲ್ಲಿ ಫೋಟೊದ ನಕಲಿನಂತೆ ಬಿಗಿದುಕೊಂಡಿತ್ತು. ಆಗ ಅವರು ಅಮೆರಿಕದ ಕಲಾವಿದ ಆಂಡ್ರ್ಯೂ ವೈಯತ್ 1948ರಲ್ಲಿ ಬರೆದ ‘ಕ್ರಿಸ್ಟಿನಾಸ್ ವರ್ಲ್ಡ್’ ಚಿತ್ರವನ್ನು ತೋರಿಸಿದರು. ಹುಲ್ಲುಗಾವಲಿನಲ್ಲಿ ದೂರದ ಮನೆಯತ್ತ ತಿರುಗಿರುವ ಹೆಂಗಸು ವೈಯತ್ ಅವರ ನೆರೆಯಾಕೆ ಕ್ರಿಸ್ಟಿನಾ; ಅವಳ ಮುಖ ನಮಗೆ ಕಾಣುವುದೇ ಇಲ್ಲ. ಮೈಕಟ್ಟಿಗೆ ವೈಯತ್ ತಮ್ಮ ಪತ್ನಿಯನ್ನೇ ರೂಪದರ್ಶಿಯಾಗಿ ಕೂರಿಸಿಕೊಂಡಿದ್ದರು. ಆದರೂ ಕ್ರಿಸ್ಟಿನಾ ಅಲ್ಲಿದ್ದಾಳೆ. ನಮ್ಮ ಅಜ್ಜಿಯೂ ಈಗ ಕಿಟಕಿಯ ಕಡೆಗೆ ತಿರುಗಿ ಕುಳಿತಿದ್ದಾರೆ, ಬಲಭುಜ ತುಸು ತಗ್ಗಿಸಿಕೊಂಡು, ಥೇಟ್ ಅವರಂತೆಯೇ.

ಅಸಮಾಧಾನವಿರುವುದು ಅವಧಿಯ ಬಗ್ಗೆ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಪ್ರತಿ ತಿದ್ದುಪಡಿಗೂ ವಾರಗಳು ಬೇಕಾಗುತ್ತವೆ ಎಂಬುದನ್ನು ಒಪ್ಪುವ ಮೊದಲೇ ಹೇಳಬೇಕಿತ್ತು. ಎರಡು ತಿಂಗಳೆಂದ ಕೆಲಸ ಐದು ತಿಂಗಳು ಹಿಡಿಯಿತು. ಮುಖಸಾಮ್ಯವೇ ಮುಖ್ಯವೆನ್ನುವವರಿಗೆ ಈ ಸೇವೆಯನ್ನು ನಾನು ಸೂಚಿಸಲಾರೆ. ಒಂದು ಜಾಗದ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು, ಸಾಧ್ಯವಾದರೆ ತಮ್ಮ ಮಾತನ್ನು ಒಪ್ಪದ ಒಡಹುಟ್ಟಿದವರನ್ನೂ ಕರೆದುಕೊಂಡು, ಖಂಡಿತ ಹೋಗಬೇಕು.

ಕೊನೆಯ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕಂತೆ. ಕತ್ತಲಲ್ಲಿಟ್ಟರೆ ಎಣ್ಣೆ ಹಳದಿಯಾಗುತ್ತದೆ ಎಂದು ಅವರು ಎಚ್ಚರಿಸಿದ್ದರಿಂದ, ಚಿತ್ರವನ್ನು ನೇರ ಬಿಸಿಲು ತಾಗದ, ಆದರೆ ಬೆಳಕಿರುವ ಗೋಡೆಗೆ ಹಾಕಿದ್ದೇವೆ.