ಬೇಡದ್ದನ್ನು ಬೇಡ ಅನ್ನುವ ಡಾಕ್ಟ್ರು, ರಾತ್ರಿ ಎತ್ತದ ಫೋನು

ಶಿವಮೊಗ್ಗದಲ್ಲಿ ನಮ್ಮ ಮನೆ ಹತ್ತಿರದ ಈ ನಾಯಿ ಬೆಕ್ಕಿನ ಕ್ಲಿನಿಕ್‌ಗೆ ನಮ್ಮ ನಾಯಿ ಕರಿಯ ಮರಿಯಾಗಿದ್ದಾಗಿನಿಂದ ಹೋಗುತ್ತಿದ್ದೇವೆ. ಈಗ ಅವನ ಮೂತಿ ಸುತ್ತ ಬಿಳಿ ಕೂದಲು ಬಂದಿದೆ.

ಡಾಕ್ಟ್ರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದವರು. ಹೊಸನಗರ, ತೀರ್ಥಹಳ್ಳಿ ಕಡೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದನ, ಎಮ್ಮೆ ನೋಡಿ ಆಮೇಲೆ ಈ ಜಾಗ ತೆರೆದರು. ಹಳ್ಳಿ ಜನರ ಜೊತೆ ಮಾತಾಡಿ ಅಭ್ಯಾಸ ಇರುವುದರಿಂದಲೋ ಏನೋ, ಏನಾಗಿದೆ, ಯಾಕೆ ಈ ಔಷಧಿ, ಎಷ್ಟು ಖರ್ಚು ಬೀಳುತ್ತೆ, ಎಲ್ಲಾ ಮೊದಲೇ ಬಿಡಿಸಿ ಹೇಳುತ್ತಾರೆ. ಎಸಿ, ಸೋಫಾ ಏನೂ ಇಲ್ಲ. ಗೋಡೆ ಬದಿಗೆ ಒಂದು ಉದ್ದ ಬೆಂಚು ಅಷ್ಟೆ.

ನನಗೆ ತುಂಬಾ ಇಷ್ಟ ಆಗುವುದು ತೂಕ ನೋಡುವ ಹೊತ್ತು. ಬಾಗಿಲ ಪಕ್ಕ ನೆಲದ ಮೇಲೇ ತೂಕದ ಮಷೀನ್. ಕಾಂಪೌಂಡರ್ ಅದರ ಆಚೆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯಲ್ಲಿ ಬಿಸ್ಕತ್ತಿನ ಚೂರು ಹಿಡಿಯುತ್ತಾರೆ, ಕರಿಯ ತಾನೇ ಹತ್ತಿ ಅಲುಗಾಡದೆ ನಿಲ್ಲುತ್ತಾನೆ. ಡಾಕ್ಟ್ರು ಅವನನ್ನು ಟೇಬಲ್ ಹತ್ತಿಸುವುದಿಲ್ಲ. ತಾವೇ ಚಾಪೆ ಮೇಲೆ ಕೂತು, ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಎದೆಗೆ ಇಡುತ್ತಾರೆ. ಬೇರೆ ಕಡೆ ಬಾಯಿ ಕಟ್ಟಿಸಿಕೊಂಡು ನಡುಗುತ್ತಿದ್ದ ನಾಯಿ ಇಲ್ಲಿ ಬಾಲ ಆಡಿಸಿಕೊಂಡು ಒಳಗೆ ಹೋಗುತ್ತೆ.

ಒಂದು ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಕರಿಯ ಊಟ ಬಿಟ್ಟ. ಕಿವಿ ಒಳಗೆಲ್ಲ ಉಣುಗು. ನಮ್ಮಮ್ಮನಿಗೆ ಕೈಕಾಲೇ ಆಡಲಿಲ್ಲ, ಯಾಕಂದರೆ ನಮ್ಮ ಜಿಲ್ಲೆಯಲ್ಲಿ ಉಣುಗು ಅಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ರೋಗ, ಚಳಿಗಾಲ ಬಂತೆಂದರೆ ಮಲೆನಾಡು ಈಗಲೂ ಹೆದರುತ್ತೆ. ಡಾಕ್ಟ್ರು ಅಮ್ಮನನ್ನು ಕೂರಿಸಿಕೊಂಡು ಹೇಳಿದರು, "ಅದು ಬರೋದು ಕಾಡಿನ ಉಣುಗಿನಿಂದ ಅಮ್ಮಾ. ಇದು ಮನೆ ಗೋಡೆ ಸಂದೀಲಿ ಮೊಟ್ಟೆ ಇಡೋ ನಾಯಿ ಉಣುಗು. ಆದ್ರೂ ಇವನನ್ನ ಕಾಡಿಗೆ ಮಾತ್ರ ಬಿಡಬೇಡಿ." ರಕ್ತ ತೆಗೆದು ಗಾಜಿಗೆ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ನಮಗೂ ತೋರಿಸಿದರು. ಪ್ಲೇಟ್‌ಲೆಟ್ ಇಳಿದಿತ್ತು, ನಾಯಿಗಳಿಗೆ ಬರುವ ಉಣುಗಿನ ಜ್ವರ. ಡಾಕ್ಸಿಸೈಕ್ಲಿನ್ ಅನ್ನುವ ಔಷಧಿ 28 ದಿನ, ಊಟದ ಜೊತೆ, ಚೇತರಿಸಿಕೊಂಡ ಅಂತ ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ. ಡ್ರಿಪ್ ಹಾಕಿ ಸರ್ ಅಂತ ನಾನೇ ಕೇಳಿದೆ. "ನೀರು ಕುಡೀತಿದಾನಲ್ಲ, ಬೇಡ. ಆ ದುಡ್ಡಲ್ಲಿ ಮನೆ ಗೋಡೆಗೆ ಔಷಧಿ ಹೊಡೆಸಿ" ಅಂದರು. ಸಂಬಳ ಎಣಿಸಿ ಎಣಿಸಿ ಖರ್ಚು ಮಾಡುವ ನಮ್ಮಂಥವರಿಗೆ ಇಂಥವರು ಸಿಕ್ಕರೆ ಎಷ್ಟು ನೆಮ್ಮದಿ ಗೊತ್ತಾ?

ಆದರೆ ರಾತ್ರಿಯ ವಿಷಯ ಹೇಳಲೇಬೇಕು. ಎಂಟಕ್ಕೆ ಬಾಗಿಲು ಹಾಕಿದರೆ ಮುಗೀತು. ಕಳೆದ ವರ್ಷ ನಮ್ಮ ಗಂಡು ಬೆಕ್ಕು ಮಣಿ, ಮರಳಿನ ಟ್ರೇನಲ್ಲಿ ಮತ್ತೆ ಮತ್ತೆ ಕೂತು ಕೂಗುತ್ತಿದ್ದ, ಒಂದು ಹನಿ ಮೂತ್ರ ಬರಲಿಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಜೀವಕ್ಕೇ ಅಪಾಯ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಫೋನ್ ರಿಂಗ್ ಆಗಿ ಆಗಿ ನಿಂತಿತು. ಕೊನೆಗೆ ಊರಿನ ಇನ್ನೊಂದು ತುದಿಯ ಡಾಕ್ಟರೊಬ್ಬರು ನಿದ್ದೆಯಿಂದ ಎದ್ದು ಬಂದು, ಸಣ್ಣ ಟ್ಯೂಬ್ ಹಾಕಿ ಉಳಿಸಿಕೊಟ್ಟರು. ಆಮೇಲೆ ನಮ್ಮ ಡಾಕ್ಟ್ರನ್ನು ಕೇಳಿದ್ದಕ್ಕೆ, "ಒಬ್ಬನೇ ಇದೀನಿ, ನಿದ್ದೆಗೆಟ್ಟು ಬೆಳಿಗ್ಗೆ ಆಪರೇಷನ್ ಮಾಡೋದು ಸರಿಯಲ್ಲ" ಅಂದರು. ಸರಿ, ಒಪ್ಪಿದೆ. ರಾತ್ರಿ ಯಾರ ಹತ್ತಿರ ಹೋಗಬೇಕು ಅಂತ ಬಾಗಿಲಿಗೆ ಒಂದು ಬೋರ್ಡ್ ಹಾಕುವುದಕ್ಕೆ ಏನು ಕಷ್ಟ? ಇವತ್ತಿಗೂ ಹಾಕಿಲ್ಲ. ಆ ಸಿಟ್ಟು ನನಗೆ ಹೋಗಿಲ್ಲ, ಒಂದು ಸ್ಟಾರ್ ಕಡಿಮೆ ಕೊಟ್ಟಿರುವುದೂ ಅದಕ್ಕೇ.

ಹಾಗಂತ ಕ್ಲಿನಿಕ್ ಬದಲಾಯಿಸುವ ಯೋಚನೆ ಇಲ್ಲ. ಬೀದಿ ನಾಯಿ ಕರಕೊಂಡು ಹೋದರೆ ಫೀಸ್ ತಗೊಳ್ಳುವುದಿಲ್ಲ, ಔಷಧಿ ದುಡ್ಡು ಮಾತ್ರ. ಸೆಪ್ಟೆಂಬರ್ 28, ರೇಬಿಸ್ ದಿನ, ಲಸಿಕೆ ಪುಕ್ಕಟೆ. ನಮ್ಮ ಬೀದಿಯ ಕೆಂಚಿಗೆ ಪ್ರತಿ ವರ್ಷ ಅವತ್ತೇ ಹಾಕಿಸುತ್ತೇವೆ.

ಹೊಸದಾಗಿ ಹೋಗುವವರು ಭಾನುವಾರ ಬೆಳಿಗ್ಗೆ ಬಿಟ್ಟು ಹೋಗಿ, ಅವತ್ತು ವಿಪರೀತ ರಶ್. ಹಳೇ ಲಸಿಕೆ ಪುಸ್ತಕ ಮರೆಯಬೇಡಿ, ಅದನ್ನು ಪೂರ್ತಿ ಓದಿಯೇ ಅವರು ಸೂಜಿ ಹಿಡಿಯುವುದು. ಮತ್ತೆ, ರಾತ್ರಿ ಸಿಗುವ ಬೇರೆ ಡಾಕ್ಟರ ನಂಬರ್ ಒಂದನ್ನು ಈಗಲೇ ಸೇವ್ ಮಾಡಿಟ್ಟುಕೊಳ್ಳಿ.