ಆಲ್ಟೋಟಿಂಗೋ, ಕೇವೆಲಾರೋ?

ಜರ್ಮನಿಯಲ್ಲಿ ಮೇರಿ ಮಾತೆಯ ಯಾತ್ರಾಸ್ಥಳ ಎಂದ ಕೂಡಲೇ ಎರಡು ಊರುಗಳ ಹೆಸರು ಕೇಳಿಬರುತ್ತದೆ: ಬವೇರಿಯಾದ ಆಲ್ಟೋಟಿಂಗ್ ಮತ್ತು ಡಚ್ ಗಡಿಯ ಹತ್ತಿರದ ಕೇವೆಲಾರ್. ಎರಡಕ್ಕೂ ಹೋಗಿ ಬಂದಿದ್ದೇನೆ. ಒಂದೇ ದಿನದ ಬಿಡುವಿದ್ದವರಿಗೆ ಆಲ್ಟೋಟಿಂಗ್ ಸಾಕು ಎನ್ನುತ್ತೇನೆ. ಆಗಸ್ಟ್ ತಿಂಗಳಾದರೆ ಮಾತು ಬೇರೆ.

ಆಲ್ಟೋಟಿಂಗ್ ಮ್ಯೂನಿಕ್‌ನಿಂದ ಪೂರ್ವಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ, ಇನ್ ನದಿಯ ದಕ್ಷಿಣಕ್ಕಿದೆ. ಊರ ನಡುವಿನ ವಿಶಾಲ ಚೌಕದ ಸುತ್ತ ಭಾರಿ ಕಟ್ಟಡಗಳು. ಮಧ್ಯದಲ್ಲಿ ಎಂಟು ಮೂಲೆಯ ಪುಟ್ಟ ಗುಡಿ. ನೀರಿಗೆ ಬಿದ್ದು ಸತ್ತ ಮಗು ಇಲ್ಲಿ ಮರಳಿ ಉಸಿರಾಡಿತೆಂಬ ಸುದ್ದಿ ಹಬ್ಬಿದ್ದು 1489ರಲ್ಲಿ. ಅಂದಿನಿಂದ ಯಾತ್ರೆ ನಿಂತಿಲ್ಲ. ಒಳಗೆ ಮಬ್ಬುಗತ್ತಲು. ಒಂದೂವರೆ ಮೊಳದಷ್ಟು ಎತ್ತರದ ಕಪ್ಪು ಮಾತೆಯ ಎದುರು, ಗೋಡೆಯ ಗೂಡುಗಳಲ್ಲಿ ಬೆಳ್ಳಿಯ ಕರಂಡಕಗಳಿವೆ. ಅವುಗಳಲ್ಲಿ ಇರುವುದು ಬವೇರಿಯಾದ ಅರಸರ ಹೃದಯಗಳು, ಎರಡನೆಯ ಲುಡ್ವಿಗ್‌ನದೂ ಸೇರಿ!

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಹೊರಗಿನ ಪಡಸಾಲೆಯಲ್ಲಿ. ಗೋಡೆ ತುಂಬ ಹರಕೆಯ ಚಿತ್ರಫಲಕಗಳು. ಒಂದರಲ್ಲಿ ಮಗುಚಿದ ಗಾಡಿಯಡಿ ಸಿಕ್ಕಿಬಿದ್ದ ರೈತ, ಇನ್ನೊಂದರಲ್ಲಿ ಹಾಸಿಗೆ ಹಿಡಿದ ಬಾಣಂತಿ; ಮೇಲೆ ಮೋಡದಲ್ಲಿ ಮೇರಿ, ಕೆಳಗೆ ‘ಮೇರಿ ನೆರವಾದಳು’ ಎಂಬ ಒಕ್ಕಣೆ. ಅಲ್ಲೇ ಇಟ್ಟಿರುವ ಮರದ ಶಿಲುಬೆಯನ್ನು ಹೆಗಲಿಗೇರಿಸಿ ಭಕ್ತರು ಗುಡಿಯನ್ನು ಸುತ್ತುತ್ತಾರೆ. ಉರುಳುಸೇವೆ ನೋಡಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೇವೆಲಾರ್ ನೀರ್ಸ್ ನದಿಯ ಬಯಲಿನ ಊರು. ನೆಲ ಎಷ್ಟು ಸಪಾಟೆಂದರೆ ಸೈಕಲ್ ಬಾಡಿಗೆಗೆ ಪಡೆದು ಸುತ್ತುವುದೇ ಸುಖ. ಡುಸೆಲ್‌ಡಾರ್ಫ್ ಕಡೆಯಿಂದ ರೈಲಿದೆ. ಇಲ್ಲಿ ಜನ ಕೈಮುಗಿಯುವುದು ಅಂಗೈಯಗಲದ ಒಂದು ಮುದ್ರಿತ ಕಾಗದಕ್ಕೆ; ಲಕ್ಸೆಂಬರ್ಗ್‌ನ ಮೇರಿಯ ಚಿತ್ರ ಅದು. ಹೆಂಡ್ರಿಕ್ ಬುಸ್ಮನ್ ಎಂಬ ವ್ಯಾಪಾರಿ ‘ಇಲ್ಲಿ ನನಗೊಂದು ಗುಡಿ ಕಟ್ಟು’ ಎಂಬ ದನಿ ಕೇಳಿ ಕಟ್ಟಿದ ಪುಟ್ಟ ಗೂಡಿನಲ್ಲಿ 1642ರಲ್ಲಿ ಅದನ್ನು ಇಟ್ಟರು. ಈಗ ಅದರ ಸುತ್ತ ಆರು ಮೂಲೆಯ ಗುಡಿಯಿದೆ. ಹೊರಗೆ ನಿಂತೇ ದರ್ಶನ ಪಡೆಯಬಹುದು. ಇಷ್ಟೇನಾ ಅನ್ನಿಸಿದ್ದು ನಿಜ. ಹತ್ತಿರದ ಬಸಿಲಿಕಾದ ಒಳಗೋಡೆಯಲ್ಲಂತೂ ಬಣ್ಣ ಬಳಿಯದ ಗೇಣು ಜಾಗವಿಲ್ಲ. ನನ್ನ ಕಣ್ಣಿಗೆ ಅದು ಅತಿಯಾಯಿತು. ಅದಕ್ಕಿಂತ ಮೇಣದಬತ್ತಿಗಳ ಹಳೆಯ ಚರ್ಚು ಮೇಲು.

ಆದರೆ ಆಗಸ್ಟ್‌ನಲ್ಲಿ ನಡೆಯುವ ತಮಿಳರ ಯಾತ್ರೆ ಆಲ್ಟೋಟಿಂಗ್‌ನಲ್ಲಿ ಎಲ್ಲಿ ಸಿಗಬೇಕು? ಯುರೋಪಿನ ನಾನಾ ದೇಶಗಳಲ್ಲಿ ನೆಲೆಸಿದ ಶ್ರೀಲಂಕಾ ತಮಿಳರು ಸಾವಿರಗಟ್ಟಲೆ ಬಂದು ಸೇರುತ್ತಾರೆ, ಅವರಲ್ಲಿ ಹಿಂದೂಗಳೂ ಬಹಳ. ಚೌಕದ ತುಂಬ ರೇಷ್ಮೆ ಸೀರೆ, ತಮಿಳು ಪ್ರಾರ್ಥನೆ. ಅದನ್ನು ನೋಡಲೆಂದೇ ಹೋಗುವವರು ಆ ವರ್ಷದ ದಿನಾಂಕವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ.