ಉಂಡೆಯೊಳಗಿನ ಗಂಟು: 8 ಪ್ಲೈ ಹತ್ತಿ ನೂಲು, ಎರಡು ವರ್ಷ ಹೆಣೆದ ಮೇಲೆ

8 ಪ್ಲೈ, ಅಂದರೆ ಮಧ್ಯಮ ದಪ್ಪದ ಈ ಹೆಣಿಗೆ ನೂಲಿನ ಬಣ್ಣ, ತೂಕ, ಉದ್ದ ಎಲ್ಲ ಲೇಬಲ್ ಮೇಲೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ಲೇಬಲ್ ಮೇಲೆ ಇಲ್ಲದ್ದು ಗಂಟು. 100 ಗ್ರಾಂ ಉಂಡೆಯೊಳಗೆ ಒಂದಾದರೂ ಗಂಟು ಸಿಗುವುದು ಮಾಮೂಲಿ, ಎರಡು ಸಿಕ್ಕಿದ್ದೂ ಇದೆ, ಒಮ್ಮೊಮ್ಮೆ ಮೂರು. ಹೊರಗಿನಿಂದ ಏನೂ ಕಾಣುವುದಿಲ್ಲ. ಸಾಲಿನ ನಟ್ಟನಡುವೆ ಬೆರಳಿಗೆ ಚುಚ್ಚಿದಾಗಲೇ ಗೊತ್ತಾಗುವುದು. ಉಂಡೆಗೆ 160ರಿಂದ 190 ರೂಪಾಯಿ ಕೊಡುವಾಗ ಈ ಗಂಟು ಸಣ್ಣ ವಿಷಯವಲ್ಲ.

ಗಿರಣಿಯಲ್ಲಿ ಸುತ್ತುವಾಗ ನೂಲು ಕಡಿದರೆ, ಅಥವಾ ಒಂದು ಕೋನ್ ಮುಗಿದು ಇನ್ನೊಂದು ಶುರುವಾದರೆ, ಎರಡು ತುದಿ ಸೇರಿಸಿ ಗಂಟು ಹಾಕಿ ಮುಂದೆ ಓಡಿಸುತ್ತಾರೆ. ತುದಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿರುತ್ತಾರೆ. ಉಣ್ಣೆಯಾದರೆ ಅಷ್ಟು ಸಾಕಾಗಬಹುದು, ಅದರ ಎಳೆಗೆ ಸಣ್ಣ ಸಣ್ಣ ಹುರುಪೆಗಳಿದ್ದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹತ್ತಿಗೆ ಆ ಕಚ್ಚು ಇಲ್ಲ. ನಾಲ್ಕು ಸಲ ಒಗೆದ ಮೇಲೆ ಗಂಟು ಜಾರುತ್ತದೆ, ಒಂದು ಕುಣಿಕೆ ಕಳಚುತ್ತದೆ, ಅದರ ಕೆಳಗಿನ ಕುಣಿಕೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದೊಂದಾಗಿ ಬಿಚ್ಚುತ್ತಾ ಹೋಗುತ್ತವೆ. ಗಂಟು ಜಾರದೆ ನಿಂತರೂ ಕಷ್ಟವೇ. ಕೂಸಿನ ಕುಲಾವಿಯಲ್ಲಿ ಅದು ಎಳೆ ತಲೆಗೆ ಒತ್ತುತ್ತದೆ.

ಆದ್ದರಿಂದ ಗಂಟು ಬಂದಲ್ಲಿ ಅದನ್ನು ಹಾಗೇ ಹೆಣೆದು ದಾಟಿಸಬೇಡಿ. ಸಾಲಿನ ಶುರುವಿನಲ್ಲಿ ಒಂದು ಲೆಕ್ಕ ಹಾಕಿ: ಒಂದು ಸಾಲಿಗೆ ಅಗಲದ ಮೂರು ಪಟ್ಟು ನೂಲು ಬೇಕು, ಜಡೆ ಡಿಸೈನ್ ಆದರೆ ನಾಲ್ಕು ಪಟ್ಟು. ಅಗಲ 45 ಸೆಂ.ಮೀ. ಇದ್ದರೆ ಗಂಟಿಗೆ ಮೊದಲು ಕನಿಷ್ಠ 135 ಸೆಂ.ಮೀ. ಉಳಿದಿರಬೇಕು. ಅಷ್ಟಿಲ್ಲದಿದ್ದರೆ ಅಂಚಿನಲ್ಲೇ ನೂಲು ಕತ್ತರಿಸಿ, ಗಂಟನ್ನು ತೆಗೆದುಹಾಕಿ, ಹೊಸ ತುದಿಯಿಂದ ಸಾಲು ಶುರು ಮಾಡಿ. ಎರಡೂ ಕಡೆ 15 ಸೆಂ.ಮೀ. ತುದಿ ಬಿಡಬೇಕು. ಆಮೇಲೆ ದಪ್ಪ ಸೂಜಿಯಲ್ಲಿ ಅದನ್ನು ಹಿಂಬದಿಗೆ ಸೇರಿಸುವಾಗ ಒಂದೇ ದಿಕ್ಕಿಗೆ ಎಳೆದರೆ ಹತ್ತಿ ಜಾರಿ ಹೊರಬರುತ್ತದೆ. ಓರೆಯಾಗಿ ಮೇಲಕ್ಕೆ, ತಿರುಗಿಸಿ ಕೆಳಕ್ಕೆ, ಮತ್ತೆ ಅಡ್ಡಕ್ಕೆ, ಹೀಗೆ ಮೂರು ದಿಕ್ಕಿಗೆ ಹೊಲಿಯಿರಿ. ತುದಿಯ ಎಳೆಗಳನ್ನು ಎರಡು ಭಾಗ ಮಾಡಿ ಬೇರೆ ಬೇರೆ ಕಡೆ ಹೊಲಿದರೆ ಉಬ್ಬು ಕಾಣುವುದಿಲ್ಲ. ನೂಲನ್ನು ಅದರ ಹೊಟ್ಟೆಯೊಳಗೇ ಸೂಜಿಯಿಂದ ತೂರಿಸಿ ಜೋಡಿಸುವ ಪದ್ಧತಿಯೂ ಇದೆ. ಈ ದಪ್ಪದ ನೂಲಿಗೆ ಅದು ಬೇಡ, ಆ 6 ಸೆಂ.ಮೀ. ಜಾಗ ಎದ್ದು ಕಾಣುತ್ತದೆ.

ಇದೇ ಕಾರಣಕ್ಕೆ ಮೊದಲ ವರ್ಷ ಈ ನೂಲಿಗೆ ಎರಡು ಸ್ಟಾರ್‌ಗಿಂತ ಹೆಚ್ಚು ಕೊಡುವ ಮನಸ್ಸಿರಲಿಲ್ಲ. ಈಗ ನಾಲ್ಕು ಕೊಡುತ್ತೇನೆ. ಗಂಟು ಕಡಿಮೆಯಾಗಿದೆ ಎಂದಲ್ಲ, ಹೆಣೆಯುವ ಮೊದಲೇ ಅದನ್ನು ಹಿಡಿಯುವ ದಾರಿ ಸಿಕ್ಕಿದೆ: ಉಂಡೆಯನ್ನು ಬಿಚ್ಚಿ ಕೈಯಲ್ಲೇ ಮತ್ತೊಮ್ಮೆ ಸುತ್ತುವುದು.

ಲೇಬಲ್ ಜಾರಿಸಿ ತೆಗೆದು ಜೋಪಾನವಾಗಿಡಿ, ಅದರ ಮೇಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಮುಂದೆ ಬೇಕು. ಹೊರಗಿನ ತುದಿ ಹಿಡಿದು ಎಡಗೈಯ ಮೂರು ಬೆರಳಿಗೆ 20 ಸುತ್ತು ಸುತ್ತಿ, ಬೆರಳಿನಿಂದ ಬಿಡಿಸಿ, ಅಡ್ಡ ತಿರುಗಿಸಿ ಮತ್ತೆ 20 ಸುತ್ತಿ. ಆಮೇಲೂ ಪ್ರತಿ ಸಲ ಬೆರಳುಗಳನ್ನು ಉಂಡೆಯ ಮೇಲಿಟ್ಟುಕೊಂಡೇ ಸುತ್ತಬೇಕು, ಬೆರಳು ತೆಗೆದಾಗ ಸುತ್ತು ಬೇಕಾದಷ್ಟು ಸಡಿಲವಾಗಿರುತ್ತದೆ. ಬಿಗಿಯಾಗಿ ಸುತ್ತಿದರೆ ನೂಲು ಎಳೆದುಕೊಂಡೇ ಇದ್ದು, ಹೆಣೆದ ಬಟ್ಟೆ ಮೊದಲ ಒಗೆತಕ್ಕೇ ಮುದುಡುತ್ತದೆ. ಸುತ್ತುವ ಉದ್ದಕ್ಕೂ ನೂಲು ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಾದುಹೋಗಬೇಕು. ಗಂಟು ಬಂದರೆ ಅರ್ಧ ಜೋಳದ ಕಾಳು ಸಿಕ್ಕ ಹಾಗೆ ತಟ್ಟುತ್ತದೆ. ಅಲ್ಲಿ ಕೆಂಪು ಹೊಲಿಗೆ ದಾರದ ತುಂಡೊಂದನ್ನು ಸಡಿಲವಾಗಿ ಕಟ್ಟಿ ಮುಂದೆ ಹೋಗಿ. ಹೆಣೆಯುವಾಗ ಉಂಡೆಯಲ್ಲಿ ಕೆಂಪು ಇಣುಕಿತೆಂದರೆ ಮುಂದೆ ಗಂಟಿದೆ ಎಂದು ಎರಡು ಸಾಲು ಮೊದಲೇ ತಿಳಿಯುತ್ತದೆ. ಸಣಕಲಾದ ಜಾಗ, ನೂಲಿನಲ್ಲಿ ಸಿಕ್ಕ ಹತ್ತಿಕಾಳಿನ ಸಿಪ್ಪೆಯ ಕಪ್ಪು ಚೂರು, ಇವೂ ಆಗಲೇ ಕೈಗೆ ಸಿಗುತ್ತವೆ. ಒಂದು ಉಂಡೆಗೆ 20 ನಿಮಿಷ ಹಿಡಿಯುತ್ತದೆ. ಸಂಜೆ ಬಿಸಿಲಿಳಿದ ಮೇಲೆ, ಹೊರಗೆ ಹೊರಸು ಹಾಕಿಕೊಂಡು ಕೂತಾಗ ಮಾಡುವ ಕೆಲಸ ಇದು. ಎರಡು ವರ್ಷದಲ್ಲಿ ಇಡೀ ಹವ್ಯಾಸದಲ್ಲೇ ಅತಿ ಇಷ್ಟವಾದ ಭಾಗವೂ ಇದೇ ಆಗಿದೆ.

ಇಷ್ಟೆಲ್ಲ ಪಾಡುಪಟ್ಟು ಹತ್ತಿಯನ್ನೇ ಯಾಕೆ ಹಿಡಿಯಬೇಕು? ಪೇಟೆಯಲ್ಲಿ ಸಿಗುವ ಅಕ್ರಿಲಿಕ್ ಉಲನ್ ಇದರ ಅರ್ಧ ಬೆಲೆಗೆ ಬರುತ್ತದೆ ನಿಜ. ಆದರೆ ನಮ್ಮ ಕಡೆ ಉಲನ್ ಸ್ವೆಟರ್ ಹಾಕುವಷ್ಟು ಚಳಿ ಡಿಸೆಂಬರ್, ಜನವರಿಯ ಮುಂಜಾವಿಗಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಅಕ್ರಿಲಿಕ್ ಕುಲಾವಿ ಹಾಕಿದ ಕೂಸಿನ ತಲೆ ಬೆವೆತು ಗುಳ್ಳೆ ಏಳುತ್ತದೆ. ಹತ್ತಿ ಬೆವರು ಹೀರಿಕೊಳ್ಳುತ್ತದೆ. ಬಿಸಿ ಪಾತ್ರೆ ಇಳಿಸುವ ಮಸಿಅರಿವೆಗಂತೂ ಅಕ್ರಿಲಿಕ್ ಬೇಡವೇ ಬೇಡ, ಕಾವಿಗೆ ಕರಗಿ ಕೈಗೆ ಅಂಟುತ್ತದೆ. ಹತ್ತಿಯಲ್ಲಿ ಎರಡು ಪದರ ಹೆಣೆದು ಸೇರಿಸಿ ಹೊಲಿದರೆ ಸಾಕು. ಇಂಥ ಹತ್ತಿ ಊರಲ್ಲೇ ಸಿಗಬೇಕಿತ್ತು. ಹತ್ತಿ ತುಂಬಿದ ಗಾಡಿಗಳು ಮಾರುಕಟ್ಟೆಯ ಮುಂದೆ ಸಾಲುಗಟ್ಟುವ ರಾಯಚೂರಿಗೆ ಹೆಣಿಗೆಯ ಹತ್ತಿ ನೂಲು ಕೊರಿಯರ್‌ನಲ್ಲಿ ಬರಬೇಕಾಗಿರುವುದು ಬೇಸರದ ಸಂಗತಿ.

ಈ ನೂಲಿಗೆ ಒಪ್ಪುವ ಕೆಲಸ ಕುಲಾವಿ. 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬರುತ್ತದೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಅದಕ್ಕೆ 72 ಕುಣಿಕೆ ಹಾಕಿದರೆ 33 ಸೆಂ.ಮೀ. ಆಗಿ ಹಿತವಾಗಿ ಕೂರುತ್ತದೆ. ಉಣ್ಣೆಯ ಲೆಕ್ಕ ಹಿಡಿದು ಇನ್ನೂ ಕಡಿಮೆ ಮಾಡಬೇಡಿ, ಹತ್ತಿ ಅಷ್ಟು ಹಿಗ್ಗುವುದಿಲ್ಲ. ಒಂದು ಉಂಡೆಯಲ್ಲಿ ಎರಡು ಕುಲಾವಿ ನಿಶ್ಚಿಂತೆಯಿಂದ ಆಗುತ್ತವೆ, ಉಳಿದದ್ದರಲ್ಲಿ 44 ಕುಣಿಕೆಯ, ಎಲ್ಲ ಸಾಲೂ ಸೀದಾ ಹೆಣೆದ ಮೈ ಒರೆಸುವ ಚೌಕವೊಂದು.

ಕಡ್ಡಿ ತರಿಸುವಾಗ ನಂಬರ್ ನೋಡಿ ಮೋಸಹೋಗಬೇಡಿ. ನಮ್ಮಲ್ಲಿ ಹಳಬರು ಹೇಳುವ 8 ನಂಬರ್ ಇಂಗ್ಲೆಂಡಿನ ಲೆಕ್ಕ, ಅದು 4 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ 8 ಎಂದರೆ 5 ಮಿ.ಮೀ., 4 ಮಿ.ಮೀ. ಬೇಕಾದರೆ ಅವರ 6 ನಂಬರ್. ಇಷ್ಟು ವ್ಯತ್ಯಾಸಕ್ಕೇ ಕುಲಾವಿ ಕೂಸಿನ ಕಣ್ಣು ಮುಚ್ಚುತ್ತದೆ. ಮಿಲಿಮೀಟರ್ ಒಂದನ್ನೇ ನಂಬಿ. ಬೇಸಿಗೆಗೆ ಬಿದಿರಿನ ಕಡ್ಡಿ ಒಳ್ಳೆಯದು, ಬೆವರಿದ ಕೈಯಲ್ಲಿ ಅಲ್ಯೂಮಿನಿಯಂ ಅಂಟುತ್ತದೆ. ಮೊನೆ ತೀರಾ ಚೂಪಾಗಿದ್ದರೆ ಈ ನೂಲಿನ ಎಳೆ ಸೀಳುತ್ತದೆ, ಸ್ವಲ್ಪ ಮೊಂಡಾದದ್ದೇ ಇರಲಿ.

ದೊಡ್ಡವರ ಸ್ವೆಟರಿಗೆ ಈ ನೂಲು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. 600 ಗ್ರಾಂ ಹತ್ತಿ ಭುಜದಿಂದ ಜೋತುಬಿದ್ದರೆ ತನ್ನ ಭಾರಕ್ಕೇ ಉದ್ದವಾಗುತ್ತದೆ. 58 ಸೆಂ.ಮೀ. ಉದ್ದಕ್ಕೆ ಹೆಣೆದದ್ದು ಒಂದು ತಿಂಗಳಲ್ಲಿ 63 ಮುಟ್ಟಿತು, ತೋಳಿನ ಬಾರ್ಡರ್ ಸಡಿಲವಾಗಿ ಕೈ ಮೇಲೆ ಇಳಿಯಿತು. ಹೆಣೆಯಲೇಬೇಕು ಅನ್ನುವವರು ಬಾರ್ಡರಿಗೆ 3.25 ಮಿ.ಮೀ. ಕಡ್ಡಿ ಹಿಡಿದು, ಸೀದಾ ಕುಣಿಕೆಗಳನ್ನು ಹಿಂಬದಿಯಿಂದ ತೆಗೆದು ತಿರುಚಿ ಹೆಣೆಯಿರಿ. ಅದಕ್ಕೂ ಮೊದಲು 15 ಸೆಂ.ಮೀ. ಚೌಕದ ಮಾದರಿ ಹೆಣೆದು, ಒಗೆದು, ಒಣಗಿಸಿ, ಕೆಳ ಅಂಚಿಗೆ ನಾಲ್ಕು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ದಿನ ನೇತುಹಾಕಿ, ಆಮೇಲೆ ಅಳೆಯಿರಿ. 10 ಸೆಂ.ಮೀ.ಗೆ 22ರ ಬದಲು 20 ಕುಣಿಕೆ ಬಂದರೆ, 80 ಸೆಂ.ಮೀ. ಎಂದು ಹಾಕಿದ 176 ಕುಣಿಕೆ 88 ಸೆಂ.ಮೀ. ಆಗಿ ಕೂತಿರುತ್ತದೆ.

ಒಗೆಯುವ ವಿಷಯದಲ್ಲಿ ನೀರು ಮುಖ್ಯ. ಬೋರ್ ನೀರಿನ ಗಡಸುತನಕ್ಕೆ ಸೋಪು ಕರಗದೆ ನೂಲಿನಲ್ಲೇ ಕೂತು ಬಟ್ಟೆ ರಟ್ಟಿನಂತಾಗುತ್ತದೆ. ಈ ನೂಲು ಒರಟು ಎಂದು ದೂರುವವರು ಒಮ್ಮೆ ನಲ್ಲಿ ನೀರಿನಲ್ಲಿ ಒಗೆದು ನೋಡಿ. ಬೋರ್ ನೀರೇ ಗತಿ ಎಂದರೆ ಕೊನೆಯ ಜಾಲಿಸುವಿಕೆಗೆ ಅರ್ಧ ಬಕೆಟ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ. ಕೆಂಪು, ಕಡುನೀಲಿ ಬಣ್ಣ ಬಿಡುತ್ತವೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ, ನಿಲ್ಲುವುದಿಲ್ಲ. ಬಿಳಿಯ ಜೊತೆ ಹೆಣೆಯುವುದಿದ್ದರೆ ಕೆಂಪು ನೂಲನ್ನು ಮೊದಲೇ ಲಡಿ ಮಾಡಿ, ನೀರು ತಿಳಿಯಾಗುವವರೆಗೆ ಜಾಲಿಸಿ. ತಂತಿಗೆ ನೇತುಹಾಕದೆ, ಟವೆಲಿನಲ್ಲಿ ಸುತ್ತಿ ಹಿಂಡಿ, ನೆರಳಲ್ಲಿ ಹೊರಸಿನ ಮೇಲೆ ಮಟ್ಟಸವಾಗಿ ಹರಡಿ. ಒಣಗಾಳಿಗೆ ನಾಲ್ಕು ತಾಸಿನಲ್ಲಿ ಕುಲಾವಿ ಗರಿಗರಿಯಾಗುತ್ತದೆ. ಐದಾರು ಒಗೆತ ದಾಟಿದ ಮೇಲೆ ಹಳೆಯ ಇಳಕಲ್ ಸೀರೆಯ ಹಾಗೆ ಮೆತ್ತಗಾಗುತ್ತದೆ, ಆ ಮೆತ್ತನೆಯನ್ನು ಅಕ್ರಿಲಿಕ್ ಎಷ್ಟು ಒಗೆದರೂ ಕೊಡುವುದಿಲ್ಲ.

ಲಾಟ್ ನಂಬರಿನ ಮಾತು ಬಾಕಿ ಇದೆ. ಒಂದೇ ಬಣ್ಣದ ಹೆಸರಿದ್ದರೂ ಲಾಟ್ ಬೇರೆಯಾದರೆ ಹಳದಿ ಒಂದು ಅರಿಸಿನ, ಇನ್ನೊಂದು ನಿಂಬೆ. ಬೇಕಾದ್ದಕ್ಕಿಂತ ಒಂದು ಉಂಡೆ ಹೆಚ್ಚಿಗೆ ಒಟ್ಟಿಗೇ ತರಿಸಿ. ಬೇರೆ ಲಾಟ್ ಬಂದೇಬಿಟ್ಟರೆ ಎರಡು ಸಾಲು ಹಳೆಯ ಉಂಡೆ, ಎರಡು ಸಾಲು ಹೊಸದು, ಹೀಗೆ 10 ಸೆಂ.ಮೀ. ಬೆರೆಸಿ ಹೆಣೆದರೆ ಗೆರೆ ಬೀಳುವುದಿಲ್ಲ. ಈ ಸಲ ತರಿಸಿದ ಆರು ಬಿಳಿ ಉಂಡೆಗಳದ್ದು ಒಂದೇ ಲಾಟ್. ನಾಲ್ಕನ್ನು ಸುತ್ತಿ ಮುಗಿದಿದೆ, ಮೂರರಲ್ಲಿ ಕೆಂಪು ದಾರ ಕಟ್ಟಿದೆ.